ಹಿತ್ತಲ ಬೀಗದಕೈ

ಜೂನ್ ೨, ಸೋಮವಾರ

ಇವತ್ತಿಗೆ ನೂರ ಹನ್ನೆರಡು ಹೆಂಗಸರು! ಯುಗಾದಿ ಹೊತ್ತಿಗೆ ಹದಿನಾಲ್ಕು ಜನ ಇದ್ದೆವು, ಅದರಲ್ಲಿ ಒಬ್ಬಳು ನಾನೇ. ‘ಯಾರು ಬರ್ತಾರೆ ನಿನ್ ಹಿತ್ತಲಿಗೆ, ಹಿತ್ತಲ ಗಿಡ ಮದ್ದಲ್ಲ’ ಎಂದು ಅಣ್ಣ ನಗುತ್ತಿದ್ದ. ಈಗ ನಗಲಿ.

ಈ ಪುಸ್ತಕ ಅಣ್ಣನ ಗೊಬ್ಬರದಂಗಡಿಗೆ ಕೀಟನಾಶಕದವರು ಕೊಟ್ಟ ಡೈರಿ. ಪ್ರತಿ ಪುಟದ ಕೆಳಗೂ ಒಂದೊಂದು ಹುಳುವಿನ ಚಿತ್ರ. ಊರ ಹೆಂಗಸರಿಗೆಲ್ಲ ಮನಸ್ಸು ಬಿಚ್ಚಿ ಬರೆಯಲು ಜಾಗ ಮಾಡಿಕೊಟ್ಟ ಈ ನಿಖಿತಾ ಮೇಡಂ ತನ್ನ ಮಾತು ಬರೆದುಕೊಳ್ಳಲು ಕಾಯಿಕೊರಕ ಹುಳುವಿನ ಪಕ್ಕದಲ್ಲಿ ಜಾಗ ಹುಡುಕುತ್ತಿದ್ದಾಳೆ.

‘ಹಿತ್ತಲು’ ಎಂಬ ನನ್ನ ವೆಬ್‌ಸೈಟು ಇರುವುದು ಇದೇ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಿಂಡಿ ಮೂಟೆಗಳ ನಡುವೆ ಒಂದು ಹಳೆಯ ಕಂಪ್ಯೂಟರು, ಹಾಸನದಿಂದ ತಂದ ಒಂದು ಯುಪಿಎಸ್ಸು, ಅಷ್ಟೇ. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲ. ಫೋನಿನಲ್ಲಿ ತೆರೆದು, ಬರೆದು, ಮುಚ್ಚಿದರೆ ಗುರುತು ಉಳಿಯುವುದಿಲ್ಲ. ಜಾಸ್ತಿ ಹೊತ್ತು ಕರೆಂಟು ಹೋದರೆ ಹಿತ್ತಲೂ ಮುಚ್ಚುತ್ತದೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಮ್ಮ ಕಡೆಯವರಿಗೆ ಕರೆಂಟಿನ ಬುದ್ಧಿ ಗೊತ್ತು.

ಮೊದಲ ಪುಟದಲ್ಲಿ ಮೂರು ಸಾಲು ಹಾಕಿದ್ದೇನೆ. ನಿಮ್ಮ ನಂಬರ್ ಕೇಳುವುದಿಲ್ಲ. ನಿಮ್ಮ ಫೋಟೊ ಕೇಳುವುದಿಲ್ಲ. ನೀವು ಬರೆದದ್ದು ನೀವು ಕರೆದವರಿಗೆ ಮಾತ್ರ, ಹಿತ್ತಲು ಕಟ್ಟಿದವಳಿಗೂ ಕಾಣುವುದಿಲ್ಲ. ಮೂರನೆಯದಕ್ಕಾಗಿಯೇ ಎಂಟು ತಿಂಗಳು ಒದ್ದಾಡಿದ್ದು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ಫೋಟೊಗೆ ಯಾವುದೋ ಮೈ ಅಂಟಿಸಿ ಗುಂಪಿಂದ ಗುಂಪಿಗೆ ಹಂಚಿದರಲ್ಲ, ಆಗ ಗೊತ್ತಾಗಿತ್ತು ನೋಡುವ ಕಣ್ಣು ಎಂದರೇನು ಎಂದು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ‘ಸ್ವಲ್ಪ ದಿನ ರಜೆ ತಗೊಳ್ಳಿ ಮೇಡಂ’ ಎಂದರು ಕಾಲೇಜಿನವರು. ಆ ರಜೆ ಇನ್ನೂ ಮುಗಿದಿಲ್ಲ.

ಜೂನ್ ೯, ಸೋಮವಾರ

ಅರಕಲಗೂಡಿನಿಂದ ಸುಬ್ಬಮ್ಮನವರ ಫೋನು. ನಿವೃತ್ತ ಅಂಗನವಾಡಿ ಟೀಚರು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆಯುವವರು.

“ನಿನ್ ಹಿತ್ತಲು ನನ್ನೇ ಒಳೀಕ್ ಬುಡವಲ್ದು ಕಣವ್ವ! ಪಾಸ್‌ವರ್ಡು ಮರ್ತೋಯ್ತು.”

ಮರೆತರೆ ಮುಗಿಯಿತು. ಆ ಪಾಸ್‌ವರ್ಡೇ ಬೀಗದಕೈ. ಅದು ಹೋದರೆ ಬರೆದದ್ದೂ ಹೋದಂತೆ. ಹಾಗೆಂದೇ ಕಟ್ಟಿದ್ದೆ. ಅದನ್ನೇ ಅವರಿಗೆ ವಿವರಿಸಿದೆ.

“ನಲವತ್ತು ಸೋಬಾನೆ ಪದ ಬರ್ದಿಟ್ಟಿದ್ನಲ್ಲೇ! ನಮ್ಮವ್ವನ ಬಾಯಿಂದ ಬಂದವು. ಇನ್ನೊಂದ್ ದಪ ನೆನಪಾದವಾ ನಂಗೆ, ಈ ವಯಸ್ಸಲ್ಲಿ?”

ಅತ್ತರು. ನಾನೇ ಕಟ್ಟಿದ ಬೀಗವನ್ನು ನಾನೇ ತೆಗೆಯಲಾರದೆ ಫೋನು ಹಿಡಿದು ನಿಂತೆ. ಬಹಳ ಸಂಕಟವಾಯಿತು. ಈ ತಿಂಗಳು ಇವರು ಮೂರನೆಯವರು.

ಜೂನ್ ೧೪, ಶನಿವಾರ

ದಾರಿ ಸಿಕ್ಕಿತು. ಪ್ರತಿಯೊಬ್ಬರಿಗೂ ಒಂದು ಬದಲಿ ಬೀಗದಕೈ ಮಾಡಿ ಇದೇ ಕಂಪ್ಯೂಟರಿನಲ್ಲಿ ಇಡುವುದು. ಪಾಸ್‌ವರ್ಡ್ ಮರೆತವರಿಗೆ ಒಂದು ಪ್ರಶ್ನೆ. ಸರಿಯುತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ.

ಪ್ರಶ್ನೆ ಯಾವುದಿರಬೇಕು ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಬ್ಯಾಂಕಿನವರು ಕೇಳುವ ಹಾಗೆ ಓದಿದ ಶಾಲೆ ಕೇಳಿದರೆ ಅರ್ಧ ತಾಲ್ಲೂಕಿಗೆ ಒಂದೇ ಉತ್ತರ. ಕೊನೆಗೆ ಹೊಳೆಯಿತು: ‘ನಿಮ್ಮ ತವರಿನ ಮನೆದೇವರು ಯಾವುದು?’ ಗಂಡನ ಮನೆಯಲ್ಲಿ ಗಂಡನ ಮನೆದೇವರಿಗೇ ಪೂಜೆ. ತವರಿನ ದೇವರ ಹೆಸರು ಎತ್ತುವವರು ಅಲ್ಲಿ ಯಾರಿದ್ದಾರೆ? ಅದು ಹೆಣ್ಣಿನ ಮನಸ್ಸಿನಲ್ಲಿ ಮಾತ್ರ ಉಳಿದಿರುತ್ತದೆ. ಯಾವ ಪರದೇಶದ ಇಂಜಿನಿಯರಿಗೆ ಹೊಳೆದೀತು ಇಂಥದ್ದು! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜೂನ್ ೨೯, ಭಾನುವಾರ

ಪುಷ್ಪಕ್ಕ ಹಿರೀಸಾವೆಯಿಂದ ಬಂದಿದ್ದಳು. ಪುಷ್ಪಾವತಿ, ಚಿಕ್ಕಪ್ಪನ ಮಗಳು. ಚಿಕ್ಕಪ್ಪ ಚಿಕ್ಕಮ್ಮ ಹೋದ ಮೇಲೆ ನಮ್ಮ ಮನೆಯೇ ಅವಳ ತವರು. ಎರಡು ಹೆಣ್ಣುಮಕ್ಕಳು. ಹೈವೇ ಮೇಲೆ ಅವಳ ಮಾವ ರಂಗಣ್ಣನವರ ಹೋಟೆಲು. ಬೆಳಗಿನಿಂದ ಇವಳು ಚಟ್ನಿ ರುಬ್ಬಬೇಕು, ಗಂಡ ಮೋಹನ್‌ಕುಮಾರ್ ಗಲ್ಲಾದಲ್ಲಿ ಕೂರಬೇಕು.

ಬಾವಿಕಟ್ಟೆ ಹತ್ತಿರ ಕೈ ಹಿಡಿದುಕೊಂಡು ಹೇಳಿದಳು. “ನಿನ್ ಹಿತ್ತಲು ಇಲ್ದಿದ್ರೆ ನಾನು ಉಚ್ಚಿಯಾಗ್ಬುಡ್ತಿದ್ದೆ ಕಣೆ ನಿಖಿ. ಅಲ್ಲಿ ಐದು ಜನ ಇದೀವಿ. ಅಲ್ಲೊಂದೇ ಕಡೆ ನಾನು ಬಾಯ್ಬುಟ್ಟು ಮಾತಾಡೋದು.”

ಏನು ಮಾತಾಡುತ್ತಾಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ಎಂಥ ಖುಷಿ! ಅವಳ ಮುಖ ನೋಡುತ್ತಿದ್ದೆ, ಒಳಗೆ ಏನೋ ಇದೆ, ಅದು ಅವಳದು. ಬಸ್ ಹತ್ತಿಸಿ ಬಂದೆ.

ಜುಲೈ ೧೬, ಬುಧವಾರ



ರಂಗಣ್ಣನವರು ಅಮ್ಮನಿಗೆ ಫೋನು ಮಾಡಿದ್ದರು. ಅಮ್ಮ ಸ್ಪೀಕರ್ ಹಾಕಿದಳು. “ಬೆಳ್ಳಮ್ಮಾರೇ, ನಿಮ್ ಮಗ್ಳ ಕಂಪ್ಯೂಟರ್ ಇದ್ಯೆ ನಮ್ ಮನೆ ಆಳ್ ಮಾಡ್ತು. ಎರಡು ವರ್ಸದಿಂದ ಗಂಡು ಮಗಾಗ್ಲಿ ಅಂತ ಕಂಡ್ ಕಂಡ್ ದೇವ್ರಿಗೆ ಅರಕೆ ಕಟ್ಕಂಡು ತಿರುಗ್ತಿದ್ದೀವಿ. ಇವ್ಳು ಚನ್ರಾಯಪಟ್ಣದಲ್ಲಿ ಗುಟ್ಟಾಗಿ ಮಕ್ಳಾಗ್ದಂಗೆ ವಂಕಿ ಆಕಿಸ್ಕಂಡು ಕುಂತವ್ಳೆ! ಅದ್ನ ಊರ ಎಂಗಸ್ರ ಜತೇಲಿ ಬರ್ಕಂಡು ನಗ್ತಾವ್ಳೆ!”

ಅವಳು ಬರೆದದ್ದನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದಿದರಂತೆ. ಅತ್ತೆ, ನಾದಿನಿ, ಹೋಟೆಲಿನ ಭಟ್ಟ, ಎಲ್ಲರೆದುರು. ಮಾರನೆಯ ದಿನ ಅವಳನ್ನು ಕರೆದುಕೊಂಡು ಹೋಗಿ ವಂಕಿ ತೆಗೆಸಿದ್ದಾರೆ. ಫೋನು ಕಸಿದುಕೊಂಡಿದ್ದಾರೆ.

ಕಂಪ್ಯೂಟರಿನ ದಾಖಲೆ ನೋಡಿದೆ. ಹನ್ನೊಂದನೇ ತಾರೀಕು ಯಾರೋ ಪುಷ್ಪಕ್ಕನ ಖಾತೆಗೆ ‘ಪಾಸ್‌ವರ್ಡ್ ಮರೆತಿರಾ’ ಒತ್ತಿದ್ದಾರೆ. ಪ್ರಶ್ನೆ ಬಂದಿದೆ. ಉತ್ತರ: ಉಡುಸಲಮ್ಮ. ಒಂದೇ ಸಲಕ್ಕೆ ಸರಿ. ಬಾಗಿಲು ತೆರೆದಿದೆ.

ಜುಲೈ ೧೭, ಗುರುವಾರ

ಅಮ್ಮನನ್ನು ಕೇಳಿದೆ. ನಮ್ಮ ಉಡುಸಲಮ್ಮನ ಹೆಸರು ಹಿರೀಸಾವೆಯವರಿಗೆ ಯಾರು ಹೇಳಿದರು ಅಂತ.

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕತ್ತೆತ್ತಿ ನೋಡಿದಳು. “ಮನೆದೇವ್ರು ಗುಟ್ಟೇನಮ್ಮಿ? ಎಣ್ ಕೇಳಕ್ ಬಂದೋರು ನೀರು ಕುಡಿಯಕ್ ಮುಂಚೆ ಕೇಳೋದೇ ಅದು. ಎರಡೂ ಕಡೀಕೆ ಒಂದೇ ದೇವ್ರಾದ್ರೆ ಅಣ್ಣತಂಗಿ ಆಯ್ತಾರಲ್ಲ, ಮದ್ವೆ ಮಾಡಕ್ಕಾದದಾ? ಪುಷ್ಪನ್ನ ನೋಡಕ್ ಬಂದಾಗ ರಂಗಣ್ಣೋರೇ ಕೇಳಿದ್ರು, ನಿಮ್ಮಪ್ಪನೇ ಏಳಿದ್ರು.”

ಹೌದಲ್ಲ. ನನ್ನನ್ನು ನೋಡಲು ಬಂದಾಗಲೂ ಕೇಳಿದ್ದರು, ನಾನೇ ಟ್ರೇ ಹಿಡಿದು ನಿಂತಿದ್ದೆ. ಈ ಸೀಮೆಯಲ್ಲಿ ಹೆಣ್ಣಿನ ಬಗ್ಗೆ ಗಂಡಿನ ಮನೆಗೆ ಮೊಟ್ಟಮೊದಲು ಗೊತ್ತಾಗುವ ವಿಷಯವನ್ನೇ ಹುಡುಕಿ ಹುಡುಕಿ ಬೀಗ ಮಾಡಿದ್ದೇನೆ. ಓದಿದ ಮೂಳಿ ನಾನು. ಪುಷ್ಪಕ್ಕನ ಮೈಗೆ ಕೈ ಹಾಕಿದವರು ಅವರು, ಬಾಗಿಲು ತೆರೆದು ಕೊಟ್ಟವಳು ನಾನು.

ಊಟ ಸೇರಲಿಲ್ಲ.

ಜುಲೈ ೨೧, ಸೋಮವಾರ

ಪ್ರಶ್ನೆಯನ್ನು ಕಿತ್ತು ಹಾಕಿದೆ. ಬದಲಿ ಬೀಗದಕೈಗಳು ಇನ್ನು ನನ್ನ ಹತ್ತಿರ ಮಾತ್ರ.

ಆದರೆ ಪ್ರಶ್ನೆಯಿಂದ ತೆರೆದ ಖಾತೆಗಳು ಇನ್ನೂ ಮೂರಿವೆ. ತೆರೆದದ್ದು ಅವರೋ ಅವರ ಗಂಡಂದಿರೋ? ಸಮಯ ನೋಡಿದರೆ ತಿಳಿಯದು. ಬರೆದಿರುವ ಧಾಟಿ ನೋಡಿದರೆ ತಿಳಿದೀತು. ಬಹಳ ಯೋಚಿಸಿ, ಬದಲಿ ಬೀಗದಕೈಯಿಂದ ತೆರೆದು, ಒಂದೊಂದು ಖಾತೆಯಲ್ಲಿ ಒಂದೊಂದೇ ಸಾಲು ನೋಡಿದೆ. ಒಂದೇ ಸಾಲು.

ಇಬ್ಬರು ಅವರೇ. ಮೂರನೆಯದು, ‘ಸಂಪಿಗೆ’ ಎಂಬ ಹೆಸರಿನದು: ‘ಯಾರ್ಯಾರು ಯಾವ ಊರಿನೋರು, ಎಲ್ಲರೂ ಹೇಳಿ.’ ಹಿತ್ತಲಿನಲ್ಲಿ ಯಾವ ಹೆಂಗಸೂ ಇನ್ನೊಬ್ಬಳ ಊರು ಕೇಳಿದ್ದಿಲ್ಲ. ಇವನು ಗಂಡಸೇ. ಖಾತೆ ಮುಚ್ಚಿದೆ. ನಾನು ನೋಡದೆ ಇದ್ದಿದ್ದರೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ರಂಗಣ್ಣ ಗಟ್ಟಿಯಾಗಿ ಓದುತ್ತಿದ್ದ.

ಆಗಸ್ಟ್ ೩, ಭಾನುವಾರ

ಈಗ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ಸುತ್ತು ಹೊಡೆಯುತ್ತೇನೆ. ತೋಟದವರು ತೋಟ ಸುತ್ತಿ ಬರುವುದಿಲ್ಲವೇ, ಹಾಗೆ. ಒಂದು ಸಾಲಿನಿಂದ ಧಾಟಿ ತಿಳಿಯುವುದಿಲ್ಲ. ಪೂರ್ತಿ ಓದಿದರೆ ಯಾರ ಕೈ ಎಂದು ತಪ್ಪಿಲ್ಲದೆ ಹೇಳಬಲ್ಲೆ. ‘ದಾಸವಾಳ’ಕ್ಕೆ ಅತ್ತೆಯ ಕಾಟ. ‘ಚಂದ್ರ’ ಎಂಬವಳಿಗೆ ಯಾರ ಮೇಲೋ ಮನಸ್ಸಾಗಿದೆ, ಪಾಪ. ‘ಗೌರಿಬಿದನೂರು’ ಎಂದು ಹೆಸರಿಟ್ಟುಕೊಂಡಿರುವವಳು ನಮ್ಮ ಬೀದಿಯ ಕೊನೆ ಮನೆಯವಳೇ. ಎದುರಿಗೆ ಸಿಕ್ಕಾಗ ನಗು ತಡೆದುಕೊಳ್ಳುವುದು ಕಷ್ಟ.

ದಾಸವಾಳದ ಮೆಣಸಿನ ಗಿಡಕ್ಕೆ ಎಲೆ ಮುದುರು ರೋಗವಂತೆ. ಯಾರಿಗೋ ಗುಟ್ಟಾಗಿ ಬರೆದಿದ್ದಳು. ಮಾರನೆಯ ದಿನ ಎಲ್ಲರೂ ಓದುವ ಜಾಗದಲ್ಲಿ ಅದರ ಔಷಧಿ ಬರೆದು ಹಾಕಿದೆ. ‘ಅಯ್ಯೋ, ದೇವರೇ ಹೇಳಿಸಿದ ಹಾಗಾಯಿತು’ ಎಂದು ಬರೆದಳು. ಮನಸ್ಸಿಗೆ ಹಿತವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮೊದಲ ಪುಟದ ಸಾಲುಗಳು ಉದ್ದವಾಗಿದ್ದವು. ಮೂರನೆಯದನ್ನು ತೆಗೆದು ‘ಹೆದರಬೇಡಿ, ನಾನಿದ್ದೇನೆ’ ಎಂದು ಹಾಕಿದೆ. ಓದಲು ಸುಲಭ.

ಆಗಸ್ಟ್ ೧೨, ಮಂಗಳವಾರ

ಪುಷ್ಪಕ್ಕ ಹಿಂತಿರುಗಿದ್ದಾಳೆ!

ಹೆಸರು ‘ಮೆಂತ್ಯ’. ಹೊಸ ಖಾತೆ. ಹೋಟೆಲಿಗೆ ಹಾಲು ಹಾಕುವವಳ ಫೋನಿನಿಂದ ದಿನಕ್ಕೆ ಹತ್ತು ನಿಮಿಷ ಬರೆಯುತ್ತಾಳೆ. ಬರೆಯುವುದು ಸುಬ್ಬಮ್ಮನವರೊಬ್ಬರಿಗೇ, ಆ ಐದು ಜನರಲ್ಲಿ ಅವರೂ ಒಬ್ಬರಂತೆ. ಎರಡನೆಯ ಸಾಲಿಗೇ ಗುರುತು ಹತ್ತಿತು, ಅವಳ ಮಾತು ನನಗೆ ಗೊತ್ತಿಲ್ಲವೇ? ಕಣ್ಣಲ್ಲಿ ನೀರು ಬಂತು.

ಎಲ್ಲ ಓದಿದೆ. ಗೌರಿ ಹಬ್ಬಕ್ಕೆ ಮಕ್ಕಳಿಬ್ಬರನ್ನೂ ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದು ಬಸ್ ಹತ್ತುತ್ತಾಳಂತೆ. ಚನ್ನರಾಯಪಟ್ಟಣದಲ್ಲಿ ಇಳಿದು ಹಾಸನದ ಬಸ್, ಅಲ್ಲಿಂದ ಅರಕಲಗೂಡು. ಅಲ್ಲಿ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸುಬ್ಬಮ್ಮನವರು ಮಾತಾಡಿದ್ದಾರೆ, ಇರಲು ಅವರ ಮನೆಯ ಹಿಂದಿನ ರೂಮು. ಮತ್ತೆ ಹಿರೀಸಾವೆಗೆ ಕಾಲಿಡುವುದಿಲ್ಲವಂತೆ.

ಕೊನೆಗೆ ಬರೆದಿದ್ದಾಳೆ: ‘ನಮ್ಮ ನಿಖಿಗೆ ಹೇಳಬೇಡಿ ಸುಬ್ಬಮ್ಮಾರೆ. ಒಳ್ಳೇಳು, ಆದರೆ ಸುಮ್ಮನೆ ಇರಕ್ಕೆ ಬರಲ್ಲ ಅವಳಿಗೆ.’

ಇದನ್ನು ಮೂರು ಸಲ ಓದಿದೆ.

ಆಗಸ್ಟ್ ೨೦, ಬುಧವಾರ

ಹಬ್ಬದ ಹಿಂದಿನ ದಿನದ ಬಸ್ಸುಗಳು ಹೇಗಿರುತ್ತವೆ ಎಂದು ಅವಳಿಗೆ ಗೊತ್ತಿಲ್ಲವೇ? ಎರಡು ಮಕ್ಕಳು, ಬಟ್ಟೆ ಗಂಟು. ಹಿರೀಸಾವೆಯ ಸ್ಟಾಪಿನಲ್ಲಿ ಎಲ್ಲರೂ ಅವಳ ಮಾವನ ಹೋಟೆಲಿಗೆ ಬರುವವರೇ. ಯಾರಾದರೂ ಚನ್ನರಾಯಪಟ್ಟಣದಲ್ಲಿ ಇಳಿದದ್ದನ್ನು ನೋಡಿದರೆ?

ಎರಡು ದಿನದಿಂದ ಬರೆದಿಲ್ಲ. ಏನಾಯಿತು? ಪುಟ ತೆರೆದು ಮುಚ್ಚಿ, ತೆರೆದು ಮುಚ್ಚಿ ಸಾಕಾಯಿತು.

ಆಗಸ್ಟ್ ೨೪, ಭಾನುವಾರ

ಅಣ್ಣನಿಗೆ ಹೇಳಿಬಿಟ್ಟೆ. ಹೇಳದೆ ಇನ್ನೇನು ಮಾಡಲಿ? ಕಾರು ಇರುವುದು ಅವನ ಹತ್ತಿರ. ನಾಳೆಯೇ ಹೋಗಿ, ಹಬ್ಬಕ್ಕೆ ಕರೆಯಲು ಬಂದೆ ಎಂದು ಹೇಳಿ ಮೂವರನ್ನೂ ಕೂರಿಸಿಕೊಂಡು ನೇರ ಅರಕಲಗೂಡಿಗೆ ಬಿಟ್ಟು ಬಾ ಎಂದೆ. ಪುಷ್ಪಕ್ಕನಿಗೆ ಮಾತ್ರ ನಮಗೆ ಗೊತ್ತೆಂದು ತೋರಿಸಬೇಡ, ದಾರಿಯಲ್ಲಿ ಅವಳೇ ಹೇಳುತ್ತಾಳೆ ಎಂದೆ.

ಅಣ್ಣ ಪ್ರಸನ್ನಕುಮಾರ್ ಕೆಟ್ಟವನಲ್ಲ. ಆದರೆ ಊರಿನ ನಾಲ್ಕು ಪಂಚಾಯ್ತಿಯಲ್ಲಿ ಕೂತೆದ್ದವನು. “ಕದ್ದು ಓಡೋಗ ಅಂಥದ್ದೇನಾಗದೆ? ನಾನು ಮೋಹನನ ಜತೆ ಮಾತಾಡ್ತೀನಿ ಬುಡು. ಸ್ವಲ್ಪ ದಿನ ತವರಲ್ಲಿ ಇರ್ಲಿ ಅಂದ್ರೆ ಯಾರು ಬ್ಯಾಡ ಅಂತಾರೆ?” ಎಂದ. ಬೇಡ ಅಣ್ಣ, ಬೇಡ ಎಂದೆ. “ಗೊತ್ತು ಕಣಮ್ಮಿ, ನಂಗೆ ಏಳ್ಕೊಡ್ಬೇಡ” ಎಂದು ಹೊರಗೆ ಹೋದ.

ಆಗಸ್ಟ್ ೨೭, ಬುಧವಾರ

ನಿನ್ನೆ ಬರೆಯಲಾಗಲಿಲ್ಲ.

ಅಣ್ಣ ಸೋಮವಾರ ಹೊರಡುವ ಮುಂಚೆ ಮೋಹನ್‌ಕುಮಾರ್‌ಗೆ ಫೋನು ಮಾಡಿ, ಪುಷ್ಪ ಮಕ್ಕಳು ಒಂದು ತಿಂಗಳು ನಮ್ಮಲ್ಲೇ ಇರಲಿ ಎಂದನಂತೆ. ಹಬ್ಬಕ್ಕೆ ಕರೆಯುವವರು ತಿಂಗಳ ಮಾತಾಡುತ್ತಾರೆಯೇ? ರಂಗಣ್ಣನವರಿಗೆ ಅಷ್ಟು ಸಾಕಾಯಿತು. ಅಣ್ಣ ಕಾರು ನಿಲ್ಲಿಸಿದಾಗ ಬಾಗಿಲಲ್ಲೇ ಹೇಳಿದರಂತೆ, “ಸೊಸೆ ಓಗಿ ಬಾಗ್ನ ಈಸ್ಕಂಡ್ ಬರ್ಲಿ, ನಾಳೆ ಸಾಯಂಕಾಲಕ್ಕೆ ತಂದ್ಬುಡಿ. ಮೊಮ್ಮಕ್ಳು ಇಲ್ಲೇ ಇರ್ತವೆ.”

ಹಾಗಾಗಿ ಅವಳೊಬ್ಬಳೇ ಬಂದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ ಎಂದು ಅಣ್ಣ ಹೇಳಿದ. ನಿನ್ನೆ ಪೂಜೆಗೆ ಕೂತಳು, ಅಮ್ಮ ಕೊಟ್ಟ ಮೊರದ ಬಾಗಿನ ತೆಗೆದುಕೊಂಡಳು, ಕಾಲಿಗೆ ಬಿದ್ದಳು. ಅಡುಗೆ ಮನೆಯಲ್ಲಿ ನಾವಿಬ್ಬರೇ ಆದಾಗ ಕೇಳಿದಳು.

“ನಿಂಗೆ ಎಂಗೆ ಗೊತ್ತಾಯ್ತು?”

ನಾನು ಒಲೆಯ ಮೇಲಿನ ಪಾತ್ರೆ ಇಳಿಸಿದೆ.

“ಸುಬ್ಬಮ್ಮೋರು ಏಳುದ್ರಾ?”

“ಇಲ್ಲ ಅಕ್ಕ. ನಿನ್ ಒಳ್ಳೇದಕ್ಕೇ...”

ಅವಳ ಮುಖ ನೋಡುತ್ತಿದ್ದೆ. ಒಂದೊಂದಾಗಿ ಅರ್ಥವಾಗುತ್ತಾ ಹೋದದ್ದು ಕಾಣುತ್ತಿತ್ತು. ಬಾಗಿನದ ಮೊರವನ್ನು ಕಟ್ಟೆಯ ಮೇಲೆ ಇಟ್ಟಳು.

“ನಮ್ಮಾವ ಒಂದ್ ದಪ ಓದುದ್ರು ಕಣೆ. ನೀನು ದಿನಾ ಓದ್ತಿದ್ದೆ.”

“ಅವರೂ ನಾನೂ ಒಂದೇನಾ?” ಎಂದೆ. ನನ್ನ ಧ್ವನಿ ಜೋರಾಯಿತು. “ನಾನು ನಿನ್ನ ಕಾಪಾಡಕ್ಕೆ ನೋಡಿದ್ದು!”

“ಅವ್ರು ಓದಿದ್ದು ನಂಗೆ ಗೊತ್ತಾಯ್ತು. ನೀನು ಓದಿದ್ದು ಗೊತ್ತಾಗ್ನಿಲ್ಲ. ಅಷ್ಟೇಯ ವ್ಯತ್ಯಾಸ.” ಬೈಯಲಿಲ್ಲ, ಅಳಲಿಲ್ಲ. “ಆ ಬಸ್ಸಿಗೆ ಓಗಿದ್ರೆ ಈ ಒತ್ನಲ್ಲಿ ಮಕ್ಳು ಸುಬ್ಬಮ್ಮೋರ ಮನೇಲಿ ಒಬ್ಬಟ್ಟು ತಿಂತಿದ್ವು” ಎಂದಳು.

ಸಂಜೆ ಅಣ್ಣ ಅವಳನ್ನು ಹಿರೀಸಾವೆಗೆ ಬಿಟ್ಟು ಬಂದ. ಮಕ್ಕಳಿಗಾಗಿ ಹೋಗಲೇಬೇಕಿತ್ತು.

ಇವತ್ತೆಲ್ಲ ಯೋಚಿಸಿದೆ. ಅವಳ ಮಾತು ನ್ಯಾಯವಲ್ಲ. ಫೋನು ಮಾಡಿದವನು ಅಣ್ಣ. ನಾನು ಕೆಟ್ಟದ್ದು ಮಾಡಬೇಕೆಂದು ಓದಿದೆನೇ? ದುಃಖದಲ್ಲಿ ಏನೋ ಅಂದಳು.

ಸೆಪ್ಟೆಂಬರ್ ೨, ಮಂಗಳವಾರ

ಸುಬ್ಬಮ್ಮನವರು ಫೋನು ಮಾಡಿದರು. ಪುಷ್ಪಕ್ಕ ಹೇಗೋ ಸುದ್ದಿ ಮುಟ್ಟಿಸಿದ್ದಾಳೆ.

“ನೋಡವ್ವ, ನಲವತ್ತು ಪದ ಓದಾಗ ನಿನ್ ಮೇಲೆ ಸಿಟ್ಟು ಬಂದಿತ್ತು. ಈಗ ಅನ್ನಿಸ್ತದೆ, ಅವು ಓಗಿದ್ದೇ ಪಸಂದಾಯ್ತು. ಆ ಬೀಗ ಅಂಗೇ ಇರ್ಬೇಕಿತ್ತು” ಎಂದರು. ಆಮೇಲೆ ಎಲ್ಲರೂ ಓದುವ ಜಾಗದಲ್ಲಿ ಒಂದೇ ಸಾಲು ಬರೆದರು: ‘ಇಲ್ಲಿ ಬರೆದದ್ದನ್ನು ಇಲ್ಲಿಯವರೇ ಓದುತ್ತಾರೆ, ತಿಳಿದಿರಲಿ.’ ಖಾತೆ ಅಳಿಸಿ ಹೊರಟುಹೋದರು.

ಇನ್ನೂರ ಆರು ಇದ್ದದ್ದು ಸಂಜೆಗೆ ನೂರ ಇಪ್ಪತ್ತು. ದಾಸವಾಳ ಹೋದಳು. ಚಂದ್ರ ಹೋದಳು. ಕೊನೆ ಮನೆಯವಳು ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು. ಹೋಗುವ ಮುಂಚೆ ತಮ್ಮ ತಮ್ಮೊಳಗೆ ನನ್ನ ಬಗ್ಗೆ ಏನೇನು ಬರೆದಿದ್ದಾರೆ, ಅಬ್ಬಾ! ಓದಿ ಕಣ್ಣೀರು ಬಂತು. ಯಾರಿಗಾಗಿ ಇಷ್ಟೆಲ್ಲ ಮಾಡಿದೆ?

ಸೆಪ್ಟೆಂಬರ್ ೭, ಭಾನುವಾರ

ಹತ್ತೊಂಬತ್ತು.

ಸೆಪ್ಟೆಂಬರ್ ೯, ಮಂಗಳವಾರ

ಬೆಳಿಗ್ಗೆ ಮೋಹನ್‌ಕುಮಾರ್ ಬಂದು ಮನೆಯ ಮುಂದೆ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ. ನಿನ್ನೆ ಪುಷ್ಪಕ್ಕ ಮಕ್ಕಳನ್ನು ಸ್ಕೂಲಿನಿಂದಲೇ ಕರೆದುಕೊಂಡು ಹೋಗಿದ್ದಾಳೆ. ಮನೆಗೆ ಬಂದಿಲ್ಲ. “ಇಲ್ಲೇನಾದ್ರೂ ಬಂದವ್ಳಾ ಅತ್ತೆ?” ಎಂದು ಅಮ್ಮನನ್ನು ಕೇಳಿದ. ಅಣ್ಣನ ಬಾಯಿಂದ ಗೊತ್ತಾಗಿ ಅರಕಲಗೂಡಿಗೂ ಹೋಗಿ ನೋಡಿಬಂದನಂತೆ, ಅಲ್ಲೂ ಇಲ್ಲ. ಅಮ್ಮ ಉಡುಸಲಮ್ಮನಿಗೆ ಮುಡಿಪು ಕಟ್ಟಿದಳು.

ಹಿತ್ತಲನ್ನು ಮುಚ್ಚಬೇಕೆಂದು ನಿರ್ಧಾರ ಮಾಡಿದೆ. ಮೊದಲು ಬದಲಿ ಬೀಗದಕೈಗಳನ್ನು ಅಳಿಸಿಬಿಡೋಣ ಎಂದು ಕೂತೆ. ಅಳಿಸುವ ಮುಂಚೆ ಒಂದೇ ಒಂದು ಸಲ ‘ಮೆಂತ್ಯ’ದ ಪುಟ ತೆರೆದೆ. ಸುಬ್ಬಮ್ಮನವರು ಬಿಟ್ಟು ಹೋದ ಮೇಲೆ ಅಲ್ಲಿ ಯಾರೂ ಇಲ್ಲ, ಅವಳು ಯಾರಿಗೆ ಬರೆದಾಳು ಎಂದುಕೊಂಡೇ ತೆರೆದೆ.

ಇವತ್ತು ಬೆಳಿಗ್ಗೆ ಆರೂ ಐವತ್ತಕ್ಕೆ ಬರೆದಿದ್ದಾಳೆ.

‘ನಿಖಿ, ನೀನು ಓದ್ತೀಯ ಅಂತ ಗೊತ್ತು. ಅದಕ್ಕೇ ಇಲ್ಲಿ ಬರೆದೆ. ಮಕ್ಕಳು ನನ್ನ ಜೊತೆ ಇದಾವೆ, ಚೆನ್ನಾಗಿದಾವೆ. ದೊಡ್ಡಮ್ಮನಿಗೆ ಅಳಬೇಡ ಅನ್ನು. ಈ ಸಲ ಯಾರಿಗೂ ಹೇಳಿಲ್ಲ, ಎಲ್ಲೂ ಬರೆದಿಲ್ಲ. ಒಂದು ಉಪಕಾರ ಮಾಡು. ನಾನೆಲ್ಲಿದೀನಿ ಅಂತ ನೋಡಬೇಡ.’

ಬಹಳ ಹೊತ್ತು ಅತ್ತೆ. ಬದುಕಿದಳಲ್ಲ, ಅಷ್ಟು ಸಾಕು. ಅಮ್ಮನಿಗೆ ಹೇಳಿದೆ. ಅಮ್ಮ ಮುಖ ತೊಳೆದುಕೊಂಡು ಬಂದು ಒಲೆ ಹಚ್ಚಿದಳು.

ಯಾವ ಊರಿನ ನೆಟ್ಟಿನಿಂದ ಬಂತೆಂದು ಕಂಪ್ಯೂಟರು ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ. ನೋಡಲು ಎರಡು ನಿಮಿಷ ಸಾಕು. ಸುರಕ್ಷಿತವಾದ ಜಾಗವೋ ಅಲ್ಲವೋ ಎಂದು ತಿಳಿದಿದ್ದರೆ ಒಳ್ಳೆಯದಲ್ಲವೇ? ಅಷ್ಟು ದೂರದಲ್ಲಿ, ಎರಡು ಮಕ್ಕಳನ್ನು ಕಟ್ಟಿಕೊಂಡು. ನೋಡಿದೆ. ಪರವಾಗಿಲ್ಲ, ಒಳ್ಳೆಯ ಊರು. ಇನ್ನು ನೋಡುವುದಿಲ್ಲ. ಬೀಗದಕೈಗಳನ್ನು ನಾಳೆ ಅಳಿಸುತ್ತೇನೆ.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ಬಿದ್ದಿರುವ ಪುಸ್ತಕ. ಹೇಳದೆ ಕೇಳದೆ ಇನ್ನೊಬ್ಬರು ಬರೆದದ್ದನ್ನು ಓದುವವರಿಗೆ ನಮ್ಮ ಕಡೆ ಬರವಿಲ್ಲ.